2014ರ ಆರು ಕೋರ್‌ಗಳ ಡೆಸ್ಕ್‌ಟಾಪ್: ಭಾಗಗಳನ್ನು ಬದಲಿಸುವುದೇ, ಹೊಸದನ್ನೇ ಜೋಡಿಸುವುದೇ?

ಪ್ರಶ್ನೆ

ನನ್ನ ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್ ಕೋರ್ ಐ7-5820ಕೆ ಪ್ರೊಸೆಸರ್, ಎಕ್ಸ್99 ಮದರ್‌ಬೋರ್ಡ್, ನಾಲ್ಕು ಚಾನೆಲ್‌ಗಳಲ್ಲಿ 32 ಜಿಬಿ ಡಿಡಿಆರ್4 ರ‍್ಯಾಮ್, ಒಂದು ಸಾಟಾ ಎಸ್‌ಎಸ್‌ಡಿ ಮತ್ತು ಆಮೇಲೆ ಸೇರಿಸಿದ ಜಿಟಿಎಕ್ಸ್ 1080 ಟಿಐ ಗ್ರಾಫಿಕ್ಸ್ ಕಾರ್ಡ್ ಇವೆ. ಡಾವಿಂಚಿ ರಿಸಾಲ್ವ್‌ನ ಸ್ಟುಡಿಯೊ ಆವೃತ್ತಿಯಲ್ಲಿ ವಿಡಿಯೊ ಸಂಕಲನ ನನ್ನ ಮುಖ್ಯ ಕೆಲಸ. ಹಳೆಯ ಕ್ಯಾಮೆರಾದ ದೃಶ್ಯಗಳನ್ನು ಈ ಯಂತ್ರ ಇಂದಿಗೂ ಸರಾಗವಾಗಿ ನಿಭಾಯಿಸುತ್ತದೆ. ಆದರೆ ಹೊಸ ಕ್ಯಾಮೆರಾದ 4ಕೆ, 10 ಬಿಟ್, 4:2:2 (ಬಣ್ಣದ ವಿವರ ಹೆಚ್ಚಿರುವ ಮಾದರಿ) ಎಚ್.265 (ವಿಡಿಯೊವನ್ನು ಬಿಗಿಯಾಗಿ ಕುಗ್ಗಿಸಿಡುವ ವಿಧಾನ) ಕಡತಗಳನ್ನು ಟೈಮ್‌ಲೈನ್‌ಗೆ ಹಾಕಿದೊಡನೆ ಚಿತ್ರ ತಡವರಿಸತೊಡಗುತ್ತದೆ. ಇದರ ಜೊತೆಗೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ನನ್ನದು ಇಲ್ಲ. ರ‍್ಯಾಮ್ ಅನ್ನು 64 ಜಿಬಿಗೆ ಏರಿಸಿ, ಎನ್‌ವಿಎಂಇ ಡ್ರೈವ್ (ಸಾಟಾಗಿಂತ ವೇಗದ ಎಸ್‌ಎಸ್‌ಡಿ) ಮತ್ತು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಂಡರೆ ಇನ್ನು ಕೆಲವು ವರ್ಷ ನಡೆದೀತೇ, ಅಥವಾ ಆ ಹಣವನ್ನೂ ಸೇರಿಸಿ ಹೊಸದನ್ನೇ ಜೋಡಿಸುವುದು ಒಳಿತೇ? ಕೆಡದೆ ದುಡಿಯುತ್ತಿರುವ ಯಂತ್ರವನ್ನು ಸುಮ್ಮನೆ ಬದಿಗಿಡಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1

ಏನನ್ನಾದರೂ ಕೊಳ್ಳುವ ಮೊದಲು ಯಂತ್ರ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ತಡವರಿಸುವ ದೃಶ್ಯವನ್ನು ಓಡಿಸುತ್ತಾ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಇವುಗಳ ಬಳಕೆಯನ್ನೂ ಗ್ರಾಫಿಕ್ಸ್ ಕಾರ್ಡಿನ ‘ವಿಡಿಯೊ ಡಿಕೋಡ್’ ರೇಖೆಯನ್ನೂ ನೋಡಿ. ನನ್ನ ಊಹೆಯಂತೆ ಪ್ರೊಸೆಸರಿನ ಹನ್ನೆರಡು ಥ್ರೆಡ್‌ಗಳೂ (ಏಕಕಾಲಕ್ಕೆ ನಡೆಯುವ ಕೆಲಸದ ಸಾಲುಗಳೂ) ತುಂಬಿ ತುಳುಕುತ್ತಿರುತ್ತವೆ, ಡಿಕೋಡ್ ರೇಖೆ ಮಾತ್ರ ಸೊನ್ನೆಯಲ್ಲೇ ಇರುತ್ತದೆ. 1080 ಟಿಐ ಕಾರ್ಡಿನಲ್ಲಿ ಎಚ್.265 ಬಿಡಿಸುವ (ಡಿಕೋಡ್ ಮಾಡುವ) ವಿಶೇಷ ಸರ್ಕ್ಯೂಟ್ ಇದೆ, 10 ಬಿಟ್ ಕಡತಗಳೂ ಅದಕ್ಕೆ ಹಿಡಿಸುತ್ತವೆ; ಆದರೆ ಅದು ಬಲ್ಲದ್ದು 4:2:0 ಬಣ್ಣವಿನ್ಯಾಸವನ್ನು ಮಾತ್ರ. 4:2:2 ಬಂದಾಗ ಕೆಲಸವೆಲ್ಲ ಪ್ರೊಸೆಸರಿನ ಹೆಗಲಿಗೆ ಬೀಳುತ್ತದೆ. 5820ಕೆ ಒಳಗೆ ಗ್ರಾಫಿಕ್ಸ್ ಘಟಕವೇ ಇಲ್ಲದಿರುವುದರಿಂದ ವಿಡಿಯೊ ಬಿಡಿಸುವ ಇಂಟೆಲ್‌ನ ಕ್ವಿಕ್ ಸಿಂಕ್ ನೆರವೂ ಅದಕ್ಕೆ ಸಿಗುವುದಿಲ್ಲ.

ಇದನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಅದೇ ದೃಶ್ಯವನ್ನು ಸಂಕಲನಕ್ಕೆಂದೇ ಇರುವ ಡಿಎನ್‌ಎಕ್ಸ್‌ಎಚ್‌ಆರ್ ಎಂಬ ಕಡತ ಮಾದರಿಯ ಹಗುರ ಆವೃತ್ತಿಗೆ ಪರಿವರ್ತಿಸಿ ಓಡಿಸಿ. ಪ್ರತಿ ಫ್ರೇಮ್ ಅನ್ನೂ ಸ್ವತಂತ್ರವಾಗಿ ಇಟ್ಟುಕೊಳ್ಳುವ ಆ ಮಾದರಿ ಡಿಸ್ಕ್‌ನಲ್ಲಿ ಹೆಚ್ಚು ಜಾಗ ತಿಂದರೂ ಪ್ರೊಸೆಸರನ್ನು ದಣಿಸುವುದಿಲ್ಲ. ಅದು ಸರಾಗವಾಗಿ ಓಡಿದರೆ ನಿಮ್ಮ ತೊಡಕು ರ‍್ಯಾಮ್‌ನದೂ ಅಲ್ಲ, ಎಸ್‌ಎಸ್‌ಡಿಯದೂ ಅಲ್ಲ. ಪ್ರಾಕ್ಸಿ ಕಡತಗಳನ್ನು (ಮೂಲದ ಹಗುರ ಪ್ರತಿಗಳನ್ನು) ಮಾಡಿಕೊಂಡು ಸಂಕಲಿಸಿ, ಕೊನೆಯಲ್ಲಿ ಮೂಲ ಕಡತಗಳಿಂದಲೇ ರೆಂಡರ್ ಮಾಡುವ ದಾರಿ ಆಗಲೂ ತೆರೆದೇ ಇರುತ್ತದೆ.

ಉತ್ತರ 2

ಪರೀಕ್ಷೆಯ ಸಲಹೆ ಸರಿಯಾಗಿದೆ, ಆದರೂ ನಾನು ಹೊಸ ಯಂತ್ರದ ಪರವಾಗಿದ್ದೇನೆ. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ, ಒಳಗೇ ಗ್ರಾಫಿಕ್ಸ್ ಇರುವ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 10 ಬಿಟ್ 4:2:2 ಎಚ್.265 ಅನ್ನು ತಾವೇ ಬಿಡಿಸುತ್ತವೆ; ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿರುವ ಮಾದರಿಗಳಲ್ಲಿ ಆ ಗ್ರಾಫಿಕ್ಸ್ ಇರುವುದಿಲ್ಲ ಎಂಬುದನ್ನು ಗಮನಿಸಿ. ಅಂತಹ ಪ್ರೊಸೆಸರ್ ತೆಗೆದುಕೊಂಡರೆ ಸದ್ಯಕ್ಕೆ 1080 ಟಿಐ ಕಾರ್ಡನ್ನೇ ಮುಂದುವರಿಸಬಹುದು, ವಿಂಡೋಸ್ 11ರ ಸಮಸ್ಯೆಯೂ ಬಗೆಹರಿಯುತ್ತದೆ. ಒಂದೊಂದು ಕೋರ್‌ನ ವೇಗ 2014ರಿಂದ ಈಚೆಗೆ ಎಷ್ಟು ಹೆಚ್ಚಿದೆಯೆಂದರೆ, ಸಂಕಲನ ತಂತ್ರಾಂಶ ತೆರೆದುಕೊಳ್ಳುವುದರಿಂದ ಹಿಡಿದು ಸಾಮಾನ್ಯ ಬಳಕೆಯವರೆಗೆ ಎಲ್ಲದರಲ್ಲೂ ವ್ಯತ್ಯಾಸ ಕಾಣುತ್ತದೆ. ಒಂದು ದಶಕಕ್ಕೂ ಹೆಚ್ಚು ಕಾಲ ಬಿಸಿಯಲ್ಲಿ ಬೆಂದ ಮದರ್‌ಬೋರ್ಡ್ ಕೈಕೊಟ್ಟರೆ ಅದೇ ಮಾದರಿಯ ಹೊಸ ಬೋರ್ಡ್ ಸಿಗುವುದು ಕಷ್ಟ. ದುಡಿಮೆಯೇ ಈ ಯಂತ್ರದ ಮೇಲೆ ನಿಂತಿದ್ದರೆ ಆ ದಿನಕ್ಕಾಗಿ ಕಾಯುವುದು ಸರಿಯಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಉತ್ತರ 3

ಮೇಲಿನ ಇಬ್ಬರ ಮಾತಿಗೂ ನಾನು ಸೇರಿಸಬಯಸುವುದು ಇಷ್ಟೇ: ಪ್ರತಿ ಭಾಗದ ಬಗ್ಗೆಯೂ ‘ಇದು ನಾಳಿನ ಯಂತ್ರಕ್ಕೂ ಬರುತ್ತದೆಯೇ?’ ಎಂದು ಕೇಳಿಕೊಳ್ಳಿ. ಎನ್‌ವಿಎಂಇ ಡ್ರೈವ್ ಬರುತ್ತದೆ, ಗ್ರಾಫಿಕ್ಸ್ ಕಾರ್ಡ್ ಬರುತ್ತದೆ. ಡಿಡಿಆರ್4 ರ‍್ಯಾಮ್ ಇತ್ತೀಚಿನ ಯಂತ್ರಗಳಿಗೆ ಬರುವುದಿಲ್ಲ, ಏಕೆಂದರೆ ಎಎಂಡಿಯ ಎಎಂ5 ಬೋರ್ಡ್‌ಗಳೂ ಇಂಟೆಲ್‌ನ ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಬೋರ್ಡ್‌ಗಳೂ ಡಿಡಿಆರ್5 ಅನ್ನೇ ಬಯಸುತ್ತವೆ. ಆದ್ದರಿಂದ 32 ಜಿಬಿ ನಿಜಕ್ಕೂ ಸಾಲುತ್ತಿಲ್ಲ ಎಂದು ಕಂಡುಬಂದರೆ ಮಾತ್ರ ಅದಕ್ಕೆ ಹಣ ಹಾಕಿ. ಇದೇ ಸಾಕೆಟ್‌ಗೆ ಕೂರುವ, ಹೆಚ್ಚು ಕೋರ್‌ಗಳ ಹಳೆಯ ಝಿಯಾನ್ ಪ್ರೊಸೆಸರ್ ಕೊಳ್ಳುವ ಆಸೆ ಬಂದರೆ ಅದನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಿ.

ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಎನ್‌ವಿಡಿಯಾ 10 ಬಿಟ್ 4:2:2 ಎಚ್.265 ಬಿಡಿಸುವ ಸಾಮರ್ಥ್ಯವನ್ನು ಕೊಟ್ಟದ್ದು 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಲ್ಲಿ; ಅದಕ್ಕಿಂತ ಹಿಂದಿನ 30, 40 ಸರಣಿಗಳ ಕಾರ್ಡ್ ಎಷ್ಟೇ ಬಲಶಾಲಿಯಾಗಿದ್ದರೂ ನಿಮ್ಮ ಈ ತೊಡಕು ಹಾಗೆಯೇ ಉಳಿಯುತ್ತದೆ. ಇಂಟೆಲ್ ಆರ್ಕ್ ಕಾರ್ಡ್‌ಗಳಿಗೂ ಈ ಸಾಮರ್ಥ್ಯ ಇದೆ, ಆದರೆ ರಿಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪುವ) ಸೌಲಭ್ಯವಿಲ್ಲದ ಬೋರ್ಡ್‌ಗಳಲ್ಲಿ ಅವು ಬಹಳ ಸೊರಗುತ್ತವೆ, ಎಕ್ಸ್99 ಕಾಲದ ಬೋರ್ಡ್‌ಗಳು ಆ ಸೌಲಭ್ಯ ಬರುವುದಕ್ಕಿಂತ ಹಿಂದಿನವು. ನಿಮ್ಮ ಬೋರ್ಡ್ ಪಿಸಿಐಇ (ಕಾರ್ಡ್‌ಗಳನ್ನು ಪ್ರೊಸೆಸರಿಗೆ ಜೋಡಿಸುವ ಹಾದಿ) 3.0 ಆಗಿರುವುದರಿಂದ ಲೇನ್‌ಗಳ, ಅಂದರೆ ಆ ಹಾದಿಯ ಸಾಲುಗಳ, ಲೆಕ್ಕವೂ ಮುಖ್ಯ. ಆರ್‌ಟಿಎಕ್ಸ್ 5060 ಟಿಐ ಎಂಟೇ ಲೇನ್‌ಗಳನ್ನು ಬಳಸುವ ಕಾರ್ಡ್, ಆದ್ದರಿಂದ ನಿಮ್ಮಲ್ಲಿ ಅದಕ್ಕೆ ಸಿಗುವುದು ಸೆಕೆಂಡಿಗೆ ಸುಮಾರು 8 ಜಿಬಿಯ ದಾರಿ. ಹದಿನಾರು ಲೇನ್‌ಗಳ 5070ಗೆ ಅದರ ಎರಡರಷ್ಟು ಸಿಗುತ್ತದೆ. 5820ಕೆ ಕೊಡುವ 28 ಲೇನ್‌ಗಳಲ್ಲಿ ಕಾರ್ಡಿಗೆ 16, ಎನ್‌ವಿಎಂಇಗೆ 4 ಹೋದರೂ ಕೊರತೆಯಾಗುವುದಿಲ್ಲ. ಆದರೆ ನಿಮ್ಮ ಬೋರ್ಡ್‌ನ ಎಂ.2 ಕಿಂಡಿಗೆ (ಎನ್‌ವಿಎಂಇ ಕೂರುವ ಜಾಗಕ್ಕೆ) ನಿಜವಾಗಿ ಎಷ್ಟು ಲೇನ್ ಜೋಡಿಸಲಾಗಿದೆ ಎಂಬುದನ್ನು ಕೈಪಿಡಿಯಲ್ಲಿ ಓದಿಕೊಳ್ಳಿ.

ಪವರ್ ಸಪ್ಲೈ ಕೂಡ 2014ರದ್ದೇ ಆಗಿದ್ದರೆ ಅದನ್ನು ಮೊದಲು ಬದಲಿಸಿ. 5070 ಮತ್ತು 1080 ಟಿಐ ಎರಡರದ್ದೂ 250 ವ್ಯಾಟ್ ಆದ್ದರಿಂದ ಒಟ್ಟು ಬೇಡಿಕೆ ಏರುವುದಿಲ್ಲ. ನನ್ನ ಕಳವಳವಿರುವುದು ಅದರೊಳಗಿನ ಕೆಪಾಸಿಟರ್‌ಗಳ ವಯಸ್ಸಿನ ಬಗ್ಗೆ.

ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆಗಳು. ಪರೀಕ್ಷೆ ಮಾಡಿದೆ. ಪ್ರೊಸೆಸರ್ ಪೂರ್ತಿ ತುಂಬಿದ್ದಾಗ ಡಿಕೋಡ್ ರೇಖೆ ಮೇಲೇಳಲೇ ಇಲ್ಲ, ರ‍್ಯಾಮ್‌ನಲ್ಲಿ ಸಾಕಷ್ಟು ಜಾಗ ಉಳಿದಿತ್ತು, ಡಿಎನ್‌ಎಕ್ಸ್‌ಎಚ್‌ಆರ್ ಕಡತ ಒಮ್ಮೆಯೂ ನಿಲ್ಲದೆ ಓಡಿತು. ಹಾಗಾಗಿ ರ‍್ಯಾಮ್‌ನ ಯೋಚನೆ ಬಿಟ್ಟಿದ್ದೇನೆ. ಈಗ ಪವರ್ ಸಪ್ಲೈ ಮತ್ತು ಆರ್‌ಟಿಎಕ್ಸ್ 5070 ಕೊಳ್ಳುತ್ತೇನೆ. ವಿಂಡೋಸ್ 10ಕ್ಕೆ ಮನೆಬಳಕೆದಾರರ ವಿಸ್ತೃತ ಭದ್ರತಾ ಪರಿಷ್ಕರಣೆಗಳು 2026ರ ಅಕ್ಟೋಬರ್ 13ರವರೆಗೆ ಇರುವುದರಿಂದ ಅದಕ್ಕೆ ನೋಂದಾಯಿಸಿಕೊಂಡು, ಆ ಅವಧಿಯೊಳಗೆ ಬೋರ್ಡ್, ಪ್ರೊಸೆಸರ್ ಮತ್ತು ಡಿಡಿಆರ್5 ಅನ್ನು ಒಟ್ಟಿಗೆ ಬದಲಿಸುವುದು ನನ್ನ ತೀರ್ಮಾನ. ಹಳೆಯ ಯಂತ್ರದಲ್ಲಿ ಆಮೇಲೆ ಲಿನಕ್ಸ್ ಹಾಕಿ ರಿಸಾಲ್ವ್ ಬಳಸಬಹುದೇ?

ಉತ್ತರ 3

ಬಳಸಬಹುದು. ಲಿನಕ್ಸ್‌ನಲ್ಲಿ ರಿಸಾಲ್ವ್‌ನ ಉಚಿತ ಆವೃತ್ತಿ ಎಚ್.264, ಎಚ್.265 ಕಡತಗಳನ್ನು ತೆರೆಯುವುದಿಲ್ಲ, ಸ್ಟುಡಿಯೊ ಆವೃತ್ತಿ ತೆರೆಯುತ್ತದೆ. ಕಾರ್ಡ್ ತರುವ ಮೊದಲು ಕ್ಯಾಬಿನೆಟ್‌ನೊಳಗೆ ಉದ್ದವನ್ನು ಅಳೆದುಕೊಳ್ಳಿ, ಬಯಾಸ್ ಅನ್ನು (ಮದರ್‌ಬೋರ್ಡ್‌ನ ಆರಂಭಿಕ ತಂತ್ರಾಂಶವನ್ನು) ತಯಾರಕರು ಕೊಟ್ಟ ಕೊನೆಯ ಆವೃತ್ತಿಗೆ ತಂದು ಯುಇಎಫ್‌ಐ ಎಂಬ ಹೊಸ ವಿಧಾನದಲ್ಲೇ ಬೂಟ್ ಆಗುವಂತೆ ನೋಡಿಕೊಳ್ಳಿ.