ಸಹಾಯ ಬೇಕು: ಮೈಟೊಕಾಂಡ್ರಿಯದ ಡಿಎನ್‌ಎ ಮತ್ತು ಮುಪ್ಪಿನ ಬಗ್ಗೆ ಕನ್ನಡ ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಡೊಂಬಿವಲಿಯ ನಮ್ಮ ಕನ್ನಡ ಬಳಗದ ಹಿರಿಯರೆದುರು, ವಯಸ್ಸಾದಂತೆ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಡಿಎನ್‌ಎಯಲ್ಲಿ ಸೇರಿಕೊಳ್ಳುವ ಉತ್ಪರಿವರ್ತನೆಗಳ (ಅಕ್ಷರಗಳ ಬದಲಾವಣೆಗಳ) ಕುರಿತು ನಾನು ಅರ್ಧ ಗಂಟೆ ಮಾತನಾಡಬೇಕಿದೆ. ತಾಯಿಯಿಂದ ಬರುವ, 16,569 ಅಕ್ಷರಜೋಡಿಗಳ, 37 ಜೀನುಗಳ ಈ ಉಂಗುರವನ್ನು ಅಮ್ಮನ ಹಸಿರು ಗಾಜಿನ ಬಳೆಯೊಂದನ್ನು ಹಿಡಿದು ತೋರಿಸಿಯೇ ವಿವರಿಸಬಲ್ಲೆ.

ತೊಡಕಿರುವುದು ಮುಂದೆ. ಒಂದೇ ಜೀವಕೋಶದಲ್ಲಿ ಈ ಉಂಗುರದ ಸರಿಯಾದ ಪ್ರತಿಗಳೂ ಕೆಟ್ಟ ಪ್ರತಿಗಳೂ ಒಟ್ಟಿಗಿರುವ ಸ್ಥಿತಿಗೆ, ಅಂದರೆ ಹೆಟೆರೊಪ್ಲಾಸ್ಮಿಗೆ, ಒಪ್ಪುವ ಕನ್ನಡ ಪದ ಸಿಕ್ಕಿಲ್ಲ. ‘ಮಿಶ್ರಪ್ರತಿ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕೆಟ್ಟವುಗಳ ಪಾಲು ಒಂದು ಮಿತಿ ದಾಟಿದ ಮೇಲಷ್ಟೇ ಕೋಶ ಸೋಲುತ್ತದೆ ಎಂಬುದನ್ನು ಈ ಪದವಿಲ್ಲದೆ ಹೇಳುವುದು ಕಷ್ಟ.

ಇನ್ನೊಂದು ವಿಷಯ: ನಕಲಿನ ತಪ್ಪು ತಿದ್ದುವ ಶಕ್ತಿಯಿಲ್ಲದ ಪಾಲಿಮರೇಸ್ ಗಾಮಾ (ಈ ಉಂಗುರವನ್ನು ನಕಲು ಮಾಡುವ ಕಿಣ್ವ) ಹೊಂದಿದ್ದ ಇಲಿಗಳು ಕೂದಲುದುರಿ, ಬೆನ್ನು ಬಾಗಿ ಬೇಗನೆ ಮುದಿಯಾದುದು 2004ರಲ್ಲಿ ಪ್ರಕಟವಾಯಿತು. ಇಂಥ ಉತ್ಪರಿವರ್ತನೆಗಳು ಉತ್ಕರ್ಷಣದ ಹಾನಿಯನ್ನು (ಆಮ್ಲಜನಕದಿಂದ ಹುಟ್ಟುವ ಚುರುಕು ಅಣುಗಳು ಕೋಶಕ್ಕೆ ಮಾಡುವ ಕೆಡುಕನ್ನು) ಹೆಚ್ಚಿಸಿ ಮುಪ್ಪು ತರುತ್ತವೆ ಎಂಬ ವಾದವಿತ್ತು; ಆದರೆ ಆ ಇಲಿಗಳಲ್ಲಿ ಅಂಥ ಹಾನಿ ಗಮನಾರ್ಹವಾಗಿ ಹೆಚ್ಚಿರಲಿಲ್ಲವೆಂದು 2005ರ ಪ್ರಯೋಗಗಳು ತೋರಿಸಿದವು. ಅಲ್ಲದೆ, ಆ ಇಲಿಗಳಲ್ಲಿದ್ದಷ್ಟು ಉತ್ಪರಿವರ್ತನೆಗಳು ಸಹಜವಾಗಿ ಮುಪ್ಪಾದ ದೇಹದಲ್ಲಿರುವುದಿಲ್ಲ. ಹೀಗಿರುವಾಗ ‘ಮುಪ್ಪಿಗೆ ಈ ಉತ್ಪರಿವರ್ತನೆಗಳೇ ಕಾರಣ’ ಎಂದು ಹೇಳುವುದು ನನಗೆ ಸರಿ ಕಾಣುತ್ತಿಲ್ಲ.

ಮುಂಬಯಿ, ಠಾಣೆ ಕಡೆಯ ಜೀವರಸಾಯನಶಾಸ್ತ್ರ ಬಲ್ಲವರು ಯಾರಾದರೂ ನನ್ನ ಎರಡು ಪುಟಗಳ ಕರಡನ್ನು ಓದಿ ತಿದ್ದಿಕೊಡುವಿರಾ? ಭಾನುವಾರ ನೀವಿದ್ದಲ್ಲಿಗೇ ಬರುತ್ತೇನೆ.