ಅಪ್‌ಡೇಟ್: ಜತ್ತದ ಕುದುರೆ ಮರಿಗೆ ಬಂದದ್ದು ರೋಟಾ ವೈರಸ್

ತಿಂಗಳು ದಾಟಿದ ಮರಿ ನೀರಿನಂತೆ ಭೇದಿ ಮಾಡುತ್ತಿದೆ, ಮೊಲೆ ಹಿಡಿಯುತ್ತಿಲ್ಲ, ತಾಯಿ ಬೆದೆಗೆ ಬಂದಾಗಿನ ಭೇದಿಯೇ ಎಂದು ಕೇಳಿದ್ದೆ. ಅಲ್ಲ. ಅದು ಸಾಮಾನ್ಯವಾಗಿ ಮರಿ ಹುಟ್ಟಿದ ಎರಡು ವಾರದೊಳಗೇ ಬರುತ್ತದೆ, ಮರಿಯೂ ಚುರುಕಾಗಿರುತ್ತದೆ. ಲದ್ದಿ ಪರೀಕ್ಷೆಯಲ್ಲಿ ರೋಟಾ ವೈರಸ್ ಬಂತು. ಕರುಳಿನ ಒಳಪದರ ಹಾಳಾಗಿ ಹಾಲು ಅರಗುವುದಿಲ್ಲ, ಅದಕ್ಕೇ ಅಷ್ಟು ನೀರು. ಆ್ಯಂಟಿಬಯೋಟಿಕ್ ವೈರಸ್ಸಿಗೆ ನಾಟದು, ಉಳಿಸುವುದು ಸಲೈನ್. 50 ಕಿಲೋ ಮರಿಯ ಮೈಯಲ್ಲಿ ತೂಕದ ಶೇ 8ರಷ್ಟು ನೀರು ಇಳಿದರೆ ಕೊರತೆಯೇ 4 ಲೀಟರ್, ಮುಂದೆ ಭೇದಿಯಲ್ಲಿ ಹೋಗುವುದು ಬೇರೆ. ಡಾಕ್ಟರು ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನ್ ರಕ್ತನಾಳಕ್ಕೆ ಹಚ್ಚಿದರು. ಬಾಟಲಿಯಿಂದ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಬಾಲದ ಕೆಳಗೆ ತೊಳೆದು, ಒರೆಸಿ, ಜಿಂಕ್ ಆಕ್ಸೈಡ್ ಮುಲಾಮು. ಲದ್ದಿಯ ಮೇಲೇ ಬ್ಲೀಚಿಂಗ್ ಪುಡಿ ಎರಚುವುದು ದಂಡ. ಮೊದಲು ಸೋಪು ಹಾಕಿ ತಿಕ್ಕಿ ತೊಳೆಯಬೇಕು. ಈಗ ಲದ್ದಿ ಗಟ್ಟಿಯಾಗಿದೆ. ವೈರಸ್ ಇನ್ನೂ ಕೆಲವು ದಿನ ಹೊರಬೀಳುವುದರಿಂದ ತಾಯಿ-ಮರಿ ಬೇರೆ ಲಾಯದಲ್ಲೇ ಇವೆ.