ಡಾರ್ಕ್ ಸೋಲ್ಸ್ ಸ್ಟ್ಯಾಮಿನಾ, ಎಸ್ಟಸ್, ಬಾನ್‌ಫೈರ್ ಟೇಬಲ್‌ಗೆ ತಂದೋರು ಯಾರಾದ್ರೂ ಇದೀರಾ?

ನಾವು ನಾಲ್ಕು ಜನ ಪ್ಲೇಯರ್ಸ್, ನಾನು ಡಿಎಂ (ಕಥೆ ನಡೆಸೋನು), ಆಟ ಡಿ ಆ್ಯಂಡ್ ಡಿ (ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ಟೇಬಲ್ ಸುತ್ತ ಕೂತು ದಾಳ ಉರುಳಿಸಿ ಪಾತ್ರ ಆಡೋದು) ಫಿಫ್ತ್ ಎಡಿಷನ್. ದೀಪಾವಳಿ ಆದ್ಮೇಲೆ ಹೊಸ ಕ್ಯಾಂಪೇನ್ ಶುರು ಮಾಡ್ಬೇಕು. ಎಲ್ಲರಿಗೂ ಡಾರ್ಕ್ ಸೋಲ್ಸ್ ವಿಡಿಯೋ ಗೇಮ್ ಹುಚ್ಚು, ಅದಕ್ಕೆ ಸ್ಟ್ಯಾಮಿನಾ (ಹೊಡೆದ್ರೆ, ಓಡಿದ್ರೆ ಖಾಲಿಯಾಗೋ ದಮ್ಮು), ಐದು ಎಸ್ಟಸ್ (ಗಾಯ ವಾಸಿ ಮಾಡೋ ಬಾಟ್ಲಿ), ಬಾನ್‌ಫೈರ್ (ದಣಿವಾರಿಸ್ಕೊಳ್ಳೋ ಬೆಂಕಿ) ಹತ್ರ ಕೂತ್ರೆ ಸತ್ತ ವೈರಿಗಳು ವಾಪಸ್ ಬರೋದು, ಸತ್ತಲ್ಲೇ ಸೋಲ್ಸ್ (ವೈರಿಗಳನ್ನ ಕೊಂದು ಗಳಿಸಿದ್ದು) ಬಿದ್ದು ಹೋಗೋದು, ಇಷ್ಟೂ ತರೋಣ ಅಂತಿದೀನಿ. ವಾರಕ್ಕೆ ಒಂದೇ ದಿನ, ಮೂರು ಗಂಟೆ ಸಿಗುತ್ತೆ. ಒಬ್ಬಳು ಕ್ಲೆರಿಕ್ (ಗಾಯ ವಾಸಿ ಮಾಡೋ ಪೂಜಾರಿ ಪಾತ್ರ), ಒಬ್ಬ ವಾರ್ಲಾಕ್ (ಒಂದು ಥರ ಮಂತ್ರವಾದಿ). ಮಾಡಿ ನೋಡಿದೋರು ಹೇಳಿ, ಯಾವುದು ನಿಂತಿತು, ಯಾವುದು ಬಿತ್ತು?

ಜಯನಗರ ಟೇಬಲ್: ಸ್ಟ್ಯಾಮಿನಾ ಮುಟ್ಟಬೇಡಿ. ನಾನು ಮುಟ್ಟಿ ಒಂದು ಗುಂಪನ್ನೇ ಕಳ್ಕೊಂಡೆ. ಎಲ್ಲರಿಗೂ ಹತ್ತು ಪಾಯಿಂಟ್, ಹೊಡೆದ್ರೆ ಮೂರು, ಉರುಳಿ ತಪ್ಪಿಸ್ಕೊಂಡ್ರೆ ಎರಡು, ಪ್ರತಿ ಟರ್ನ್‌ಗೆ ನಾಲ್ಕು ವಾಪಸ್, ಭಾರದ ಕವಚ ಹಾಕಿದ್ರೆ ಮೂರೇ ವಾಪಸ್. ಕಾಗದದ ಮೇಲೆ ಎಷ್ಟು ಚೆನ್ನಾಗಿತ್ತು ಗೊತ್ತಾ. 120 ಹಸಿರು ಅಕ್ರಿಲಿಕ್ ಟೋಕನ್ ಕತ್ತರಿಸಿಸಿದೆ, 2,800 ರೂಪಾಯಿ. ಮೊದಲನೇ ಸಲ ಅಂಚು ಸರಿಯಾಗಿ ಉಜ್ಜದೆ ಕೊಟ್ರು, ಕೈಗೆ ಚುಚ್ತಿತ್ತು, ವಾಪಸ್ ಕಳಿಸಿ ತರಿಸೋಕೆ ಇನ್ನೊಂದು 340. ಲ್ಯಾಮಿನೇಟ್ ಮಾಡಿದ ಕಾರ್ಡ್‌ಗೆ 1,460. ಮೊದಲನೇ ಫೈಟು, ಆರು ಸ್ಕೆಲಿಟನ್. ಮೂರು ರೌಂಡ್‌ಗೆ ಎರಡು ಗಂಟೆ ನಲವತ್ತು ನಿಮಿಷ, ನಾನು ಗಡಿಯಾರ ನೋಡಿ ಬರ್ಕೊಂಡಿದೀನಿ. ನಾಲ್ಕು ಜನ ಪ್ಲಸ್ ಆರು ಸ್ಕೆಲಿಟನ್, ಆ ಆರರ ಸ್ಟ್ಯಾಮಿನಾನೂ ನಾನೇ ಎಣಿಸ್ಬೇಕು, ಯಾವ ಸ್ಕೆಲಿಟನ್ ಎಷ್ಟು ಖರ್ಚು ಮಾಡಿದೆ ಅಂತ ಮಧ್ಯ ಮಧ್ಯ ಮರ್ತೋಗಿ ಮತ್ತೆ ಮೊದಲಿಂದ ಎಣಿಸಿದ್ದು. ಗೇಮ್‌ನಲ್ಲಿ ಆ ಹಸಿರು ಪಟ್ಟಿನ ಯಾರೂ ಲೆಕ್ಕ ಹಾಕಲ್ಲ, ಹೆಬ್ಬೆರಳಿಗೇ ಗೊತ್ತಾಗಿಬಿಟ್ಟಿರುತ್ತೆ, ಇನ್ನೊಂದು ಏಟು ಹೊಡೆದ್ರೆ ಓಡೋಕೆ ಉಸಿರಿರಲ್ಲ ಅಂತ. ಟೇಬಲ್ ಮೇಲೆ ಅದು ಮೂರನೇ ಕ್ಲಾಸಿನ ಕಳೆಯೋ ಲೆಕ್ಕ. ನಮ್ಮ ರೋಗ್ (ಕಳ್ಳನ ಪಾತ್ರ) ಆಡೋನು ಆವತ್ತು ಏನೂ ಹೇಳದೆ ಬ್ಯಾಗ್ ಎತ್ಕೊಂಡು ಹೋದ, ಆಮೇಲೆ ಬರ್ಲೇ ಇಲ್ಲ. ಎಂಟು ವರ್ಷದ ಗೆಳೆಯ ಅವನು.

ಹುಬ್ಬಳ್ಳಿ ಮಣಿ: ಹಂಗ ಮುಟ್ಟಬ್ಯಾಡ್ರಿ ಅಂತ ಒಂದೇ ಮಾತಿನ್ಯಾಗ ಹೇಳಿದ್ರ ಹೆಂಗ್ರೀ. ನಮ್ಮಲ್ಲಿ ಎರಡೂವರೆ ವರ್ಷದಿಂದ ಸ್ಟ್ಯಾಮಿನಾ ಇಟ್ಕೊಂಡೇ ಆಡಾಕತ್ತೀವಿ. ಒಬ್ಬರಿಗೆ ಐದು ಗುಲಗಂಜಿ, ಅಷ್ಟ. ನಮ್ಮವ್ವನ ಹಳೇ ಅಳಗುಳಿ ಮಣಿ ನಡುವ ಇಡ್ತೀವಿ, ಒಬ್ಬೊಬ್ಬರಿಗೆ ಒಂದು ಕುಳಿ. ಹೊಡಿಯೂದು, ತಪ್ಪಿಸ್ಕೊಳ್ಳೂದು, ಓಡೂದು, ಯಾವುದಕ್ಕಾದ್ರೂ ಒಂದ ಕಾಳು. ಹತ್ತು-ಮೂರು-ನಾಲ್ಕು ಅನ್ನೂ ಲೆಕ್ಕನ ಇಲ್ಲ. ಒಂದು ಟರ್ನ್ ಏನೂ ಮಾಡದ ಢಾಲು ಹಿಡದ ನಿಂತ್ರ ಐದೂ ವಾಪಸ್. ರಾಕ್ಷಸಗಳಿಗೆ ಸ್ಟ್ಯಾಮಿನಾ ಕೊಡಂಗಿಲ್ಲ, ಒಂದಕ್ಕೂ ಕೊಡಂಗಿಲ್ಲ, ದೊಡ್ಡ ಬಾಸ್ ಇದ್ರ ಮೂರನೇ ಟರ್ನ್‌ಗೆ ಒಮ್ಮೆ ದಣದು ನಿಂತತಿ ಅಂತ ನಾನ ಹೇಳ್ತೀನಿ. ಕುಳಿಯೊಳಗ ಒಂದ ಕಾಳು ಉಳದಾಗ ಆಡೂ ಹುಡುಗ ಅದನ್ನ ಬೆರಳಿಂದ ಉರುಳಸ್ಕೋತ ಕುಂತಿರ್ತಾನ, ಹೊಡೀಲೋ ಬ್ಯಾಡೋ ಅಂತ, ಇಡೀ ಟೇಬಲ್ ಉಸಿರು ಹಿಡದಿರ್ತತಿ. ಅದ ರೀ ಡಾರ್ಕ್ ಸೋಲ್ಸ್. ನಿಮ್ಮ ಟೋಕನ್ ತಪ್ಪಲ್ಲ, ನಿಮ್ಮ ಲೆಕ್ಕ ತಪ್ಪು.

ಜಯನಗರ ಟೇಬಲ್: ನನ್ನ ಲೆಕ್ಕ ತಪ್ಪು ಅನ್ನೋಕೆ ನೀವು ಆವತ್ತು ಟೇಬಲ್‌ನಲ್ಲಿ ಇದ್ರಾ? ನಿಮ್ದು ಸ್ಟ್ಯಾಮಿನಾನೇ ಅಲ್ಲ, 2019ರಲ್ಲಿ ಪಾತ್‌ಫೈಂಡರ್ ಅನ್ನೋ ಇನ್ನೊಂದು ಟೇಬಲ್ ಆಟದ ಸೆಕೆಂಡ್ ಎಡಿಷನ್ ಟರ್ನ್‌ಗೆ ಮೂರು ಆಕ್ಷನ್ ಕೊಡ್ತಲ್ಲ, ಅದಕ್ಕೆ ಎರಡು ಸೇರಿಸಿದೀರಿ ಅಷ್ಟೇ.

ಹುಬ್ಬಳ್ಳಿ ಮಣಿ: ಪಾತ್‌ಫೈಂಡರ್‌ದಾಗ ಮೂರೂ ಪ್ರತಿ ಟರ್ನ್ ತಾವ ವಾಪಸ್ ಬರ್ತಾವ. ನಮ್ಮಲ್ಲಿ ಬರಂಗಿಲ್ಲ, ನಿಂತ್ರಷ್ಟ ಬರ್ತಾವ. ಓದಿ ಮಾತಾಡ್ರಿ.

ಕುಡ್ಲ ಡಿಎಂ: ಸ್ಟ್ಯಾಮಿನಾ ಬಿಡಿ ಮಾರ್ರೆ, ನಿಜವಾಗಿ ಮುಳುಗಿಸುವುದು ಬಾನ್‌ಫೈರ್. ನಾನು ಒಂದು ವರ್ಷ ನಡೆಸಿದ್ದೇನೆ. ಬಾನ್‌ಫೈರ್ ಹತ್ರ ಕೂತರೆ ಲಾಂಗ್ ರೆಸ್ಟ್ (ರಾತ್ರಿ ಪೂರ್ತಿ ಮಲಗಿದ ಹಾಗೆ) ಅಂತ ಇಟ್ಟೆ, ಬೇರೆ ಕಡೆ ರೆಸ್ಟೇ ಇಲ್ಲ. ವಿಝಾರ್ಡಿಗೆ ಹಬ್ಬ, ಕೂತಾಗೆಲ್ಲ ಪೂರ್ತಿ ಸ್ಲಾಟ್, ಅಂದರೆ ಮಂತ್ರ ಹಾಕುವ ಅವಕಾಶ, ವಾಪಸ್. ವಾರ್ಲಾಕಿಗೆ ಇರುವುದೇ ಎರಡು ಸ್ಲಾಟ್, ಒಂದು ಗಂಟೆಯ ಶಾರ್ಟ್ ರೆಸ್ಟಲ್ಲಿ ವಾಪಸ್ ಬರ್ತದೆ ಅಂತಲೇ ಅವನಿಗೆ ಅಷ್ಟು ಕಡಿಮೆ ಕೊಟ್ಟದ್ದು, ಆ ಶಾರ್ಟ್ ರೆಸ್ಟನ್ನೇ ನಾನು ತೆಗೆದುಬಿಟ್ಟೆ. ಆ ಹುಡುಗ ನಾಲ್ಕು ತಿಂಗಳು ಸ್ಲಾಟ್ ಬೇಡದ ಎಲ್ಡ್ರಿಚ್ ಬ್ಲಾಸ್ಟ್ ಮಂತ್ರ ಮಾತ್ರ ಹೊಡೆದ, ಪಾಪ, ಒಂದು ದಿನವೂ ದೂರು ಹೇಳಲಿಲ್ಲ, ನನಗೆ ಈಗಲೂ ಬೇಜಾರುಂಟು. ಇನ್ನು ಎಸ್ಟಸ್. ಎಲ್ಲರ ಕೈಯಲ್ಲೂ ಐದೈದು ಬಾಟ್ಲಿ ಇದ್ದರೆ ಕ್ಲೆರಿಕ್ ಎಂತಕ್ಕೆ? ಅವಳು ಗಾಯ ವಾಸಿ ಮಾಡುವ ಕ್ಯೂರ್ ವೂಂಡ್ಸ್ ಮಂತ್ರ ಹಾಕ್ತೇನೆ ಅಂದಾಗ ಪಕ್ಕದವ ಬೇಡ, ನನ್ನ ಹತ್ರ ಎಸ್ಟಸ್ ಉಂಟು ಅಂದ. ಅವಳ ಮುಖ ನೋಡ್ಬೇಕಿತ್ತು.

ವೈರಿಗಳು ವಾಪಸ್ ಬರುವುದಂತೂ ಕೇಳಲೇಬೇಡಿ. ಅದೇ ಎಂಟು ಕಾವಲುಗಾರರನ್ನು ಮೂರು ವಾರ ಕೊಂದೆವು. ಗೇಮಲ್ಲಿ ಎರಡನೇ ಸಲ ನಲವತ್ತು ಸೆಕೆಂಡಲ್ಲಿ ಓಡಿ ದಾಟಿ ಹೋಗ್ತೇವೆ, ಇಲ್ಲಿ ಪ್ರತಿ ಸಲ ಇನಿಶಿಯೇಟಿವ್ (ಯಾರ ಸರದಿ ಮೊದಲು ಅನ್ನುವ ದಾಳ) ಉರುಳಿಸಿ ಒಂದು ಗಂಟೆ ಹೊಡೆದಾಡ್ಬೇಕು. ಕೊನೆಗೆ 'ಬ್ಲೇಡ್ಸ್ ಇನ್ ದ ಡಾರ್ಕ್' ಆಟದ ಕ್ಲಾಕ್ ತಂದೆ. ಎಂಟು ಭಾಗದ ಒಂದು ವೃತ್ತ, ಕೂತಾಗೆಲ್ಲ ಒಂದು ಭಾಗ ತುಂಬುವುದು, ತುಂಬಿದರೆ ಕೋಟೆಯ ಒಡೆಯ ಎದ್ದು ಬರ್ತಾನೆ. ಸತ್ತವರು ವಾಪಸ್ ಬರುವುದಿಲ್ಲ, ಆದ್ರೆ ಕೂತದ್ದಕ್ಕೆ ಬೆಲೆ ಉಂಟು. ಅದೊಂದೇ ನಿಂತದ್ದು.

ಸೋಲ್ಸ್ ಬಿದ್ದು ಹೋಗುವುದು? ಒಬ್ಬ ಸತ್ತು ಬಾನ್‌ಫೈರ್‌ಗೆ ಹೋದ, ಮೂವರು ಬದುಕಿ ಗುಹೆ ಒಳಗೆ ನಿಂತಿದ್ದಾರೆ. ಗೇಮಲ್ಲಿ ನೀವು ಒಬ್ಬರೇ, ಸತ್ತರೆ ಇಡೀ ಲೋಕವೇ ಹಿಂದೆ ಹೋಗ್ತದೆ. ಇಲ್ಲಿ ಅವ ವಾಪಸ್ ನಡೆದು ಬರುವ ತನಕ ಐವತ್ತು ನಿಮಿಷ ಆ ಮೂವರು ಫೋನ್ ನೋಡ್ತಾ ಕೂತರು.

ಹಳೇ ಫೋರ್ತ್: ಎಸ್ಟಸ್ ಕ್ಲೆರಿಕ್ ಅನ್ನ ಕೊಲ್ಲುತ್ತೆ ಅಂತ ಅಳೋರಿಗೆ ಒಂದು ಮಾತು. 2008ರಲ್ಲೇ ಡಿ ಆ್ಯಂಡ್ ಡಿ ಫೋರ್ತ್ ಎಡಿಷನ್ ಇದನ್ನ ಬಗೆಹರಿಸಿತ್ತು, ಡಾರ್ಕ್ ಸೋಲ್ಸ್ ಬಂದಿದ್ದೇ 2011ರಲ್ಲಿ. ಹೀಲಿಂಗ್ ಸರ್ಜ್. ಪ್ರತಿಯೊಬ್ಬನ ಹತ್ರ ದಿನಕ್ಕೆ ಇಷ್ಟು ಅಂತ ಇರುತ್ತೆ, ಒಂದಕ್ಕೆ ಕಾಲು ಭಾಗ ಎಚ್‌ಪಿ (ಜೀವದ ಪಾಯಿಂಟ್) ವಾಪಸ್. ಕ್ಲೆರಿಕ್ ಹೀಲಿಂಗ್ ವರ್ಡ್ ಹಾಕಿದ್ರೆ ನಿಮ್ಮ ಸರ್ಜೇ ಖರ್ಚಾಗುತ್ತೆ, ಮೇಲೆ ಒಂದು ಡಿ6 (ಆರು ಮುಖದ ದಾಳ) ಜಾಸ್ತಿ ಸಿಗುತ್ತೆ. ಅಂದ್ರೆ ಬಾಟ್ಲಿ ನಿಮ್ದು, ಹೊಡೆದಾಟದ ಮಧ್ಯೆ ಕುಡಿಸೋಳು ಅವಳು. ಅವತ್ತು ಎಲ್ಲರೂ ಇದು ವಿಡಿಯೋ ಗೇಮ್, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಥರ ಅಂತ ಉಗಿದ್ರು, ನಾನು ಮೂರು ಪುಸ್ತಕ ಹೊರಗಿಂದ ತರಿಸಿ ಆಡಿಸ್ತೀನಿ ಅಂದ್ರೆ ಒಬ್ಬರೂ ಬರ್ಲಿಲ್ಲ. ಈಗ ಅದನ್ನೇ ಎಸ್ಟಸ್ ಅಂತ ಹೆಸರಿಟ್ಟು ಕೇಳ್ತಿದಾರೆ.

ಕುಡ್ಲ ಡಿಎಂ: ಅಳುವುದು ಯಾರು? ನಾನು ನನ್ನ ಟೇಬಲ್‌ದು ಹೇಳಿದ್ದು.

ಎರಡನೇ ಮಹಡಿ: ನಂದು ಡಾರ್ಕ್ ಸೋಲ್ಸ್ ಅಲ್ಲ, ಡಾರ್ಕೆಸ್ಟ್ ಡಂಜನ್ ಅನ್ನೋ ಇನ್ನೊಂದು ವಿಡಿಯೋ ಗೇಮ್, ಆದ್ರೂ ಹೇಳ್ತೀನಿ, ಯಾಕಂದ್ರೆ ಯಾರೂ ನನಗೆ ಮೊದಲೇ ಹೇಳಿರ್ಲಿಲ್ಲ. ಸ್ಟ್ರೆಸ್ ಸಿಸ್ಟಮ್ ಹಾಗೇ ಎತ್ಕೊಂಡು ಬಂದೆ. ಪಾತ್ರದ ಸ್ಟ್ರೆಸ್ ನೂರು ತುಂಬಿದ್ರೆ ನೂರಕ್ಕೆ ಎಪ್ಪತ್ತೈದು ಸಲ ಮನಸ್ಸು ಕೆಡುತ್ತೆ, ಇಪ್ಪತ್ತೈದು ಸಲ ಗಟ್ಟಿಯಾಗುತ್ತೆ. ನನ್ನ ಗೆಳತಿಯ ಪಾತ್ರಕ್ಕೆ ಸ್ವಾರ್ಥಿ ಅಂತ ಬಂತು. ನಿಯಮದ ಪ್ರಕಾರ ಅವಳು ತಂಗಿಯ ಪಾತ್ರದ ಔಷಧಿ ಕದ್ದು ಕುಡೀಬೇಕು. ಅವಳು ಆಗಲ್ಲ ಅಂದ್ಲು. ನಾನು ದಾಳ ಹೇಳಿದೆ ಅಂದೆ. ಆ ಪಾತ್ರನ ಹದಿನಾಲ್ಕು ತಿಂಗಳಿಂದ ಆಡಿದ್ಲು, ತಂಗಿಯನ್ನ ಕಾಪಾಡೋದೇ ಅದರ ಕಥೆ, ನಾನು ಒಂದು ಕೋಷ್ಟಕ ನೋಡಿ ಅದನ್ನ ಕಿತ್ಕೊಂಡೆ. ವಿಡಿಯೋ ಗೇಮ್‌ನಲ್ಲಿ ನಾಲ್ಕು ಜನ ಹೀರೋಗಳು ನಿಮ್ಮ ಆಳುಗಳು, ಒಬ್ಬ ಕೆಟ್ರೆ ಸ್ಟೇಜ್‌ಕೋಚ್‌ನಲ್ಲಿ ಇನ್ನೊಬ್ಬ ಬರ್ತಾನೆ. ಟೇಬಲ್‌ನಲ್ಲಿ ಆ ಪಾತ್ರ ಬಿಟ್ರೆ ಅವಳಿಗೆ ಬೇರೆ ಏನೂ ಇಲ್ಲ. ಐದು ತಿಂಗಳು ಮಾತಾಡ್ಲಿಲ್ಲ ನನ್ನ ಜೊತೆ. ಈಗ ಮಾತಾಡ್ತಾಳೆ, ಆಡೋಕೆ ಬರಲ್ಲ.

ಹಳೇ ಫೋರ್ತ್: ಬೇಜಾರಾಯ್ತು ಓದಿ. ಆದ್ರೆ ಸ್ಟ್ರೆಸ್ ಅನ್ನೋದು ವಿಡಿಯೋ ಗೇಮ್‌ದಲ್ಲ, 1981ರಲ್ಲೇ ಕಾಲ್ ಆಫ್ ಕ್ತುಲ್ಹು ಅನ್ನೋ ಟೇಬಲ್ ಆಟದಲ್ಲಿ ಸ್ಯಾನಿಟಿ (ಮನಸ್ಸಿನ ಸ್ಥಿಮಿತ) ಇತ್ತು. ಎಚ್‌ಪಿ, ಲೆವೆಲ್ ಎಲ್ಲ 1974ರ ಡಿ ಆ್ಯಂಡ್ ಡಿ ಇಂದ ಗೇಮ್‌ಗಳಿಗೆ ಹೋಗಿದ್ದು. ಫಾಲ್‌ಔಟ್ ವಿಡಿಯೋ ಗೇಮ್ ಶುರುವಾಗಿದ್ದೇ ಗರ್ಪ್ಸ್ ಅನ್ನೋ ಟೇಬಲ್ ಆಟದ ನಿಯಮದ ಮೇಲೆ.

ಜಯನಗರ ಟೇಬಲ್: ಅವರು ಗೆಳತಿ ಹೋದ್ಲು ಅಂತ ಹೇಳ್ತಿದ್ರೆ ನೀವು ಇಸವಿ ಹೇಳ್ತಿದೀರಲ್ಲ ಸಾರ್. ಎಲ್ಲಿಂದ ಬಂತು ಅನ್ನೋದು ಕಟ್ಕೊಂಡು ಏನಾಗ್ಬೇಕು? ಒಂದು ಸಲ ಕಂಪ್ಯೂಟರ್ ಒಳಗೆ ಹೋಗಿ ಬಂದ್ಮೇಲೆ ಅದು ಕಂಪ್ಯೂಟರ್ ಎಣಿಸೋ ಲೆಕ್ಕ ಆಗಿರುತ್ತೆ, ಅದೇ ತೊಂದರೆ.

ಹಳೇ ಫೋರ್ತ್: ಅದೇ ಮಾತನ್ನ ಹದಿನೈದು ವರ್ಷ ಫೋರ್ತ್ ಮೇಲೆ ಹೇಳಿದ್ರಿ ನೀವೆಲ್ಲ. ಆಡದೇನೇ ಹೇಳಿದ್ರಿ.

(ಕೇಳಿದವನು ನಾನೇ. ಎಲ್ಲ ಓದಿದೆ. ವಾರ್ಲಾಕ್ ವಿಷಯ ನನಗೆ ಹೊಳೆದೇ ಇರ್ಲಿಲ್ಲ. ಹುಬ್ಬಳ್ಳಿಯವರೇ, ಐದು ಕಾಳಿನ ಲೆಕ್ಕದಲ್ಲಿ ಮಂತ್ರಕ್ಕೂ ಕಾಳು ಹೋಗುತ್ತಾ?)

ಹುಬ್ಬಳ್ಳಿ ಮಣಿ: ಮಂತ್ರಕ್ಕ ಎರಡು. ಮೊದಲ ಒಂದ ಇಟ್ಟಿದ್ದೆ, ವಿಝಾರ್ಡ್ ಒಂದ ಟರ್ನ್‌ದಾಗ ಎರಡು ಫೈರ್‌ಬಾಲ್ ಹಾಕಿ ಆರು ವಾರದ ಬಾಸ್‌ನ ಸುಟ್ಟ. ಕ್ಯಾಂಟ್ರಿಪ್‌ಗೆ (ಸಣ್ಣ ಮಂತ್ರಕ್ಕ) ಒಂದ ಸಾಕು. ಗುಲಗಂಜಿ ಬ್ಯಾಡ ಮತ್ತ, ಅದು ವಿಷ, ಮನ್ಯಾಗ ಸಣ್ಣ ಹುಡುಗ್ರು ಇದ್ರ ಹುಣಸಿ ಬೀಜ ತಗೋರಿ. ನಾವೂ ಈಗ ಅದನ್ನ ಮಾಡೀವಿ.

ಜಯನಗರ ಟೇಬಲ್: ಕೇಳಿದವರೇ, ಬೆಂಗಳೂರಲ್ಲಿದ್ರೆ ನನ್ನ 120 ಟೋಕನ್ ಡಬ್ಬಿಲಿ ಹಾಗೇ ಇದೆ, ಬಂದು ತಗೊಂಡೋಗಿ, ದುಡ್ಡು ಬೇಡ. ಸ್ಕೆಲಿಟನ್‌ಗೆ ಮಾತ್ರ ಕೊಡಬೇಡಿ.